ತೋಟದ ಮನೆಗೆ ಎಂಥ ನಾಯಿ? ತಳಿಗಳ ಗುಣ, ತರಬೇತಿ ಮತ್ತು ಆರೋಗ್ಯ

ಬಿತ್ತನೆ ಬೀಜ ಕೊಳ್ಳುವಾಗ ನಮ್ಮ ರೈತರು ತಳಿಯ ಹೆಸರು, ಅದರ ಅವಧಿ, ಮಳೆಯಾಶ್ರಯಕ್ಕೆ ಒಗ್ಗುವುದೋ ನೀರಾವರಿಗೋ, ಯಾವ ರೋಗವನ್ನು ತಡೆದುಕೊಳ್ಳುವುದು ಎಂಬುದನ್ನೆಲ್ಲ ವಿಚಾರಿಸಿಯೇ ಹಣ ಕೊಡುತ್ತಾರೆ. ಆಕಳು ಕೊಳ್ಳುವಾಗ ಕೆಚ್ಚಲು ಮುಟ್ಟಿ, ಹಲ್ಲು ಎಣಿಸಿ ನೋಡುತ್ತಾರೆ. ಆದರೆ ಹತ್ತು ಹನ್ನೆರಡು ವರ್ಷ ಮನೆಯಲ್ಲಿ ಬಾಳಬೇಕಾದ ನಾಯಿಮರಿಯನ್ನು ತರುವಾಗ ಮಾತ್ರ ಬಣ್ಣ, ಮೈಕಟ್ಟು ಮತ್ತು ಪಕ್ಕದ ಮನೆಯವರು ತಂದಿದ್ದಾರೆ ಎಂಬ ಕಾರಣ ಇಷ್ಟರ ಮೇಲೆಯೇ ತೀರ್ಮಾನ ನಡೆಯುತ್ತದೆ. ಹಾಗೆ ತಂದ ನಾಯಿ ಒಂದು ವರ್ಷದೊಳಗೆ ಸರಪಳಿಗೆ ಬಿದ್ದು, ಕೆಲಸಕ್ಕೂ ಬಾರದೆ, ಸಮಾಧಾನವಾಗಿಯೂ ಇರದೆ ದಿನ ಕಳೆಯುವುದನ್ನು ಅನೇಕ ತೋಟದ ಮನೆಗಳಲ್ಲಿ ಕಾಣಬಹುದು.

ಬೇಸಾಯ ಶಾಸ್ತ್ರದವನಿಗೆ ನಾಯಿಯ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ಕ್ಷೇತ್ರ ಭೇಟಿಗೆ ಹೋದಲ್ಲೆಲ್ಲ ಬೆಳೆಯ ಪ್ರಶ್ನೆ ಮುಗಿದ ಮೇಲೆ ಕಾಡುಹಂದಿ, ಮಂಗ, ಕಳ್ಳರ ಮಾತು ಬರುತ್ತದೆ, ಅದರ ಬೆನ್ನಿಗೇ ನಾಯಿಯ ಮಾತೂ ಬರುತ್ತದೆ. ಇನ್ನೊಂದು ಕಾರಣವೂ ಇದೆ. ತೋಟದ ನಾಯಿಗಳಿಗೆ ಎದುರಾಗುವ ದೊಡ್ಡ ಅಪಾಯಗಳಲ್ಲಿ ಒಂದು ನಾವೇ ಶಿಫಾರಸು ಮಾಡುವ ಪೀಡೆನಾಶಕಗಳಿಂದ ಬರುವಂಥದು. ಆ ವಿಷಯವನ್ನು ಮುಂದೆ ವಿವರವಾಗಿ ತಿಳಿಸಲಾಗಿದೆ.

ತಳಿಯಿಂದ ಬರುವುದೆಷ್ಟು?

ನಾಯಿಯ ತಳಿಗಳೆಲ್ಲ ಮನುಷ್ಯನು ಒಂದೊಂದು ಕೆಲಸಕ್ಕಾಗಿ ಆರಿಸಿ ಬೆಳೆಸಿದವು. ಕಣ್ಣಿನಿಂದ ಬೇಟೆ ಗುರುತಿಸಿ ಓಡುವ ನಾಯಿ ಬೇರೆ, ಮೂಗಿನಿಂದ ಜಾಡು ಹಿಡಿಯುವ ನಾಯಿ ಬೇರೆ, ಕುರಿ ತಿರುಗಿಸುವ ನಾಯಿ ಬೇರೆ, ಕುರಿಯ ಜೊತೆ ಮಲಗಿ ಕಾಯುವ ನಾಯಿ ಬೇರೆ. ದೇಹದ ಅಳತೆ, ಕೂದಲು, ಓಟ ಇವು ತಳಿಯಿಂದ ಬಹುಮಟ್ಟಿಗೆ ಖಚಿತವಾಗಿ ಬರುತ್ತವೆ. ಸ್ವಭಾವ ಅಷ್ಟು ಖಚಿತವಲ್ಲ. ಅಮೆರಿಕದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಮಾಲೀಕರಿಂದ ವಿವರ ಪಡೆದು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಅನುವಂಶಿಕ ಧಾತುವನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ನಾಯಿಗೂ ಇನ್ನೊಂದಕ್ಕೂ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇಕಡ 9 ಮಾತ್ರ ಎಂದು ಕಂಡುಬಂದಿದೆ. ಉಳಿದದ್ದು ಆಯಾ ನಾಯಿಯ ತಂದೆ ತಾಯಿ, ಬೆಳೆದ ರೀತಿ ಮತ್ತು ಅನುಭವದಿಂದ ಬರುತ್ತದೆ.

ಹಾಗೆಂದು ತಳಿ ನೋಡಬೇಕಾಗಿಲ್ಲ ಎಂದು ಅರ್ಥವಲ್ಲ. ಓಡುವ ಚಪಲ, ವಸ್ತು ಹೊತ್ತು ತರುವ ಬುದ್ಧಿ, ಹೇಳಿದ್ದನ್ನು ಕೇಳುವ ಗುಣ ಇಂಥವುಗಳಲ್ಲಿ ತಳಿಯ ಪ್ರಭಾವ ಹೆಚ್ಚು. ಕಚ್ಚುವ ಸ್ವಭಾವದ ವಿಷಯದಲ್ಲಿ ಮಾತ್ರ ತಳಿಯ ಹೆಸರನ್ನು ನಂಬಬಾರದು. ಮರಿಯನ್ನು ಆರಿಸುವವರು ತಾಯಿ ನಾಯಿಯನ್ನು ಅಗತ್ಯವಾಗಿ ನೋಡತಕ್ಕದ್ದು. ತಾಯಿ ಅಂಜುಬುರುಕವಾಗಿದ್ದರೆ ಅಥವಾ ಅಕಾರಣವಾಗಿ ಮೇಲೆ ಬೀಳುವಂತಿದ್ದರೆ ಮರಿ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬರುವುದು ಲೇಸು.

ಮುಧೋಳ ನಾಯಿ

ನಮ್ಮ ರಾಜ್ಯದ ಹೆಮ್ಮೆಯ ತಳಿ ಇದು. ಬಾಗಲಕೋಟೆ ಜಿಲ್ಲೆಯ ಮುಧೋಳ ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿ ಉಳಿಸಿದರು. ಅಂಚೆ ಇಲಾಖೆಯು 2005ರಲ್ಲಿ ಭಾರತದ ನಾಲ್ಕು ತಳಿಗಳ ಮೇಲೆ ಹೊರಡಿಸಿದ ಅಂಚೆ ಚೀಟಿಗಳಲ್ಲಿ ಮುಧೋಳವೂ ಒಂದು. ಬೀದರಿನ ಪಶುವೈದ್ಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನು ನಡೆಸುತ್ತಿದೆ. ಶುದ್ಧ ತಳಿಯ ಮರಿ ಬೇಕಾದವರು ಸಂತೆಯಲ್ಲಿ ಕೊಳ್ಳುವುದರ ಬದಲು ಇಂಥ ಕೇಂದ್ರವನ್ನು ವಿಚಾರಿಸುವುದು ಉತ್ತಮ. 2016ರಲ್ಲಿ ಭೂಸೇನೆಯವರು ಮುಧೋಳ ಮರಿಗಳನ್ನು ಮೀರತ್‌ನಲ್ಲಿರುವ ತಮ್ಮ ಕೇಂದ್ರಕ್ಕೆ ತರಬೇತಿಗಾಗಿ ಒಯ್ದದ್ದು ಪತ್ರಿಕೆಗಳಲ್ಲಿ ಬಂದ ಮೇಲೆ ಈ ನಾಯಿಗೆ ಬೇಡಿಕೆ ಏರಿತು. ಬೇಡಿಕೆಯೊಂದಿಗೆ ಬೆರಕೆಯೂ ಏರುತ್ತದೆ ಎಂಬುದನ್ನು ಬಿತ್ತನೆ ಬೀಜದ ವ್ಯವಹಾರ ಬಲ್ಲ ರೈತರಿಗೆ ಹೇಳಬೇಕಾಗಿಲ್ಲ.

ಗಂಡು 68ರಿಂದ 72 ಸೆಂ.ಮೀ., ಹೆಣ್ಣು 64ರಿಂದ 68 ಸೆಂ.ಮೀ. ಎತ್ತರವಿರುತ್ತದೆ. ಉದ್ದ ಕಾಲು, ಆಳವಾದ ಎದೆ, ಒಳಸೇರಿದ ಹೊಟ್ಟೆ, ಕಿರಿದಾದ ತಲೆ. ಇದು ಕಣ್ಣಿನಿಂದ ಬೇಟೆ ಹಿಡಿಯುವ ಓಟದ ನಾಯಿ. ಬಯಲು ಸೀಮೆಯಲ್ಲಿ ಮೊಲವನ್ನು ಬೆನ್ನಟ್ಟುವುದಕ್ಕೆಂದೇ ಬೆಳೆದು ಬಂದದ್ದು. ಬಿಸಿಲನ್ನು ತಡೆದುಕೊಳ್ಳುತ್ತದೆ, ಚಿಕ್ಕ ಕೂದಲಾದ್ದರಿಂದ ಮೈ ಶುಚಿಯಾಗಿಡುವುದು ಸುಲಭ. ಮನೆಯವರಲ್ಲಿ ನಿಷ್ಠೆ ಹೆಚ್ಚು, ಹೊರಗಿನವರು ಮೈ ಮುಟ್ಟುವುದನ್ನು ಸಹಿಸುವುದಿಲ್ಲ.

ಇಷ್ಟು ಗುಣಗಳಿದ್ದರೂ ಇದನ್ನು ಅಡಿಕೆ ತೋಟದ ಕಾವಲಿಗೆ ಎಂದು ತರುವವರು ಎರಡು ಬಾರಿ ಯೋಚಿಸಬೇಕು. ಓಡುವ ವಸ್ತುವನ್ನು ಕಂಡ ಕೂಡಲೇ ಅದರ ಹಿಂದೆ ಹೋಗುವುದು ಇದರ ರಕ್ತದಲ್ಲಿದೆ. ಕರೆದರೆ ಹಿಂದಿರುಗುವುದನ್ನು ಕಲಿಸುವುದು ಕಷ್ಟ. ಕುರಿಮರಿ, ಕೋಳಿ, ಬೆಕ್ಕು ಇರುವ ಮನೆಯಲ್ಲಿ ಮರಿಯಾಗಿದ್ದಾಗಿನಿಂದಲೇ ಅವುಗಳೊಂದಿಗೆ ಬೆಳೆಸದಿದ್ದರೆ ನಷ್ಟ ತಪ್ಪದು. ಕಟ್ಟಿಹಾಕಿದರೆ ಇದು ಕೆಡುತ್ತದೆ. ದಿನಕ್ಕೆ ಒಂದು ಬಾರಿಯಾದರೂ ಬಯಲಿನಲ್ಲಿ ಓಡಿಸಲು ಅನುಕೂಲವಿರುವ ಬಯಲು ಸೀಮೆಯ ರೈತರಿಗೆ ಇದು ಹೊಂದುತ್ತದೆ, ಬೇಲಿ ಹಾಕಿದ ಕಿರಿದಾದ ತೋಟದವರಿಗೆ ಹೊಂದುವುದಿಲ್ಲ.

ಆರೋಗ್ಯದ ದೃಷ್ಟಿಯಿಂದ ಗಟ್ಟಿಯಾದ ತಳಿ. ಆದರೆ ಮೈಯಲ್ಲಿ ಕೊಬ್ಬು ಕಡಿಮೆ ಇರುವ ಇಂಥ ಓಟದ ನಾಯಿಗಳಿಗೆ ಶಸ್ತ್ರಚಿಕಿತ್ಸೆಗಾಗಿ ಕೊಡುವ ಕೆಲವು ಮತ್ತು ಬರಿಸುವ ಔಷಧಿಗಳು ಬೇಗ ಇಳಿಯುವುದಿಲ್ಲವಾದ್ದರಿಂದ, ಇದು ಮುಧೋಳ ತಳಿ ಎಂಬುದನ್ನು ಪಶುವೈದ್ಯರಿಗೆ ಮೊದಲೇ ತಿಳಿಸಬೇಕು. ಎದೆ ಆಳವಾಗಿರುವ ದೊಡ್ಡ ನಾಯಿಗಳಲ್ಲೆಲ್ಲ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದ್ದು, ಹೊಟ್ಟೆ ತುಂಬ ತಿನ್ನಿಸಿ ಕೂಡಲೇ ಓಡಿಸಬಾರದು.

ಮೊಲದ ಬೇಟೆಯ ಮಾತು ಬಂದುದರಿಂದ ಒಂದು ಎಚ್ಚರಿಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾಯಿ ಬಿಟ್ಟು ಕಾಡು ಮೊಲ ಹಿಡಿಯುವುದು ಶಿಕ್ಷಾರ್ಹ ಅಪರಾಧ.

ತಮಿಳುನಾಡಿನ ತಳಿಗಳು

ರಾಜಪಾಳಯಂ ತಳಿಯು ಅಚ್ಚ ಬಿಳಿ ಬಣ್ಣದ, ನಸುಗೆಂಪು ಮೂಗಿನ, ಗಂಭೀರವಾದ ನಾಯಿ. ಕಾವಲಿಗೆ ಒಳ್ಳೆಯದು, ಒಬ್ಬ ಯಜಮಾನನಿಗೆ ಅಂಟಿಕೊಳ್ಳುತ್ತದೆ. ಆದರೆ ಬಿಳಿ ಬಣ್ಣದೊಂದಿಗೆ ಕಿವುಡುತನವೂ ಕೆಲವು ಮರಿಗಳಲ್ಲಿ ಹುಟ್ಟಿನಿಂದ ಬರುತ್ತದೆ. ಬಣ್ಣ ಕೊಡುವ ಜೀವಕಣಗಳೇ ಒಳಗಿವಿಯ ಕೆಲಸಕ್ಕೂ ಬೇಕಾಗಿರುವುದು ಇದಕ್ಕೆ ಕಾರಣ. ಕೊಳ್ಳುವ ಮೊದಲು ಮರಿಯನ್ನು ಉಳಿದವುಗಳಿಂದ ಬೇರ್ಪಡಿಸಿ, ಅದಕ್ಕೆ ಕಾಣದಂತೆ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಬೇಕು. ಒಟ್ಟಿಗೆ ಇರುವಾಗ ಪರೀಕ್ಷಿಸಿದರೆ ಕಿವುಡು ಮರಿಯೂ ಬೇರೆ ಮರಿಗಳನ್ನು ನೋಡಿ ತಿರುಗಿಬಿಡುತ್ತದೆ. ಎರಡು ಕಿವಿಗಳೂ ಕೇಳದ ನಾಯಿ ಕಾವಲಿಗೆ ಬಾರದು.

ಚಿಪ್ಪಿಪಾರೈ ತಳಿಯು ಮುಧೋಳದಂತೆಯೇ ಓಟದ ನಾಯಿ, ಅದಕ್ಕೆ ಹೇಳಿದ್ದೆಲ್ಲ ಇದಕ್ಕೂ ಸಲ್ಲುತ್ತದೆ. ಕೊಂಬೈ ನಾಯಿಯು ಕೆಂಗಂದು ಮೈ, ಕಪ್ಪು ಮೂತಿಯ, ಅಡಕವಾದ ಕಟ್ಟಿನ ಬಲಿಷ್ಠ ಪ್ರಾಣಿ. ಕಾವಲಿಗೆ ಗಟ್ಟಿ, ಆದರೆ ಅನುಭವವಿಲ್ಲದವರ ಕೈಗೆ ತಕ್ಕುದಲ್ಲ.

ವಿದೇಶಿ ತಳಿಗಳು

ನಮ್ಮವರು ಅಲ್ಸೇಷನ್ ಎಂದು ಕರೆಯುವ ಜರ್ಮನ್ ಶೆಫರ್ಡ್ ಮೂಲತಃ ಕುರಿ ನಾಯಿ. 1899ರಲ್ಲಿ ಜರ್ಮನಿಯಲ್ಲಿ ಇದರ ತಳಿ ಸಂಘ ಸ್ಥಾಪನೆಯಾಯಿತು. ಕಲಿಯುವ ಶಕ್ತಿಯಲ್ಲಿ ಇದಕ್ಕೆ ಸಮನಾದ ತಳಿಗಳು ಕಡಿಮೆ. ದಿನವೂ ಏನಾದರೊಂದು ಕೆಲಸ ಕೊಡುವವರ ಬಳಿ ಇದು ಚಿನ್ನ, ಕೆಲಸವಿಲ್ಲದಿದ್ದರೆ ಬೊಗಳಿ ಬೊಗಳಿ ಮನೆಯವರ ನಿದ್ದೆ ಕೆಡಿಸುತ್ತದೆ. ಸೊಂಟದ ಕೀಲು ಸರಿಯಾಗಿ ಕೂಡದಿರುವುದು ಈ ತಳಿಯ ದೊಡ್ಡ ದೋಷ. ಇದು ವಂಶದಿಂದ ಬರುವಂಥದು, ಮರಿಗೆ ಅತಿಯಾಗಿ ತಿನ್ನಿಸಿ ಬೇಗ ಕೊಬ್ಬಿಸಿದರೆ ಹೆಚ್ಚಾಗುತ್ತದೆ. ಉಣ್ಣೆಯಿಂದ ಬರುವ ಜ್ವರವೂ ಈ ತಳಿಯಲ್ಲಿ ಉಗ್ರವಾಗಿರುತ್ತದೆ. ದಟ್ಟ ಕೂದಲಿರುವುದರಿಂದ ಬೇಸಿಗೆಯಲ್ಲಿ ನೆರಳು, ಗಾಳಿ, ನೀರು ಅತ್ಯಗತ್ಯ.

ಲ್ಯಾಬ್ರಡಾರ್ ನಾಯಿಯನ್ನು ಕಾವಲಿಗೆಂದು ತರುವುದು ಎಮ್ಮೆಯನ್ನು ಗಾಡಿಗೆ ಕಟ್ಟಿ ಪಂದ್ಯಕ್ಕೆ ಹೋದಂತೆ. ಬೇಟೆಗಾರನು ಹೊಡೆದ ಹಕ್ಕಿಯನ್ನು ಗಾಯವಾಗದಂತೆ ಬಾಯಲ್ಲಿ ತರುವುದಕ್ಕಾಗಿ ಬೆಳೆಸಿದ ಸೌಮ್ಯ ನಾಯಿ ಇದು, ಕಳ್ಳನಿಗೂ ಬಾಲ ಅಲ್ಲಾಡಿಸಬಲ್ಲದು. ಮಕ್ಕಳಿರುವ ಮನೆಗೆ ಮಾತ್ರ ಇದಕ್ಕಿಂತ ಒಳ್ಳೆಯ ಜೊತೆ ಸಿಗುವುದು ಕಷ್ಟ, ತರಬೇತಿಗೂ ಸುಲಭ. ಇದರ ಹಸಿವು ಎಂದೂ ತೀರದಂತಿರುವುದಕ್ಕೆ, ಅನೇಕ ಲ್ಯಾಬ್ರಡಾರ್‌ಗಳಲ್ಲಿ ಹೊಟ್ಟೆ ತುಂಬಿದ ಅರಿವಿಗೆ ಸಂಬಂಧಿಸಿದ ಅನುವಂಶಿಕ ಅಂಶವೊಂದು ಭಾಗಶಃ ಬಿಟ್ಟುಹೋಗಿರುವುದು ಕಾರಣವೆಂದು 2016ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಕೇಳಿದಷ್ಟು ಹಾಕಿದರೆ ಬೊಜ್ಜು ಬಂದು ಕೀಲುಗಳು ಕೆಡುತ್ತವೆ.

ಡಾಬರ್‌ಮನ್ ಚುರುಕಾದ ಕಾವಲು ನಾಯಿ, ಆದರೆ ನಡುವಯಸ್ಸಿನಲ್ಲಿ ಹೃದಯದ ಸ್ನಾಯು ಸಡಿಲವಾಗಿ ಹಠಾತ್ತನೆ ಸಾಯುವುದುಂಟು. ಪೊಮೆರೇನಿಯನ್ ಎಂದು ನಮ್ಮಲ್ಲಿ ಮಾರಾಟವಾಗುವ ಬಿಳಿ ನಾಯಿಗಳಲ್ಲಿ ಬಹುಪಾಲು ಭಾರತೀಯ ಸ್ಪಿಟ್ಜ್ ಎಂಬ ತಳಿಯವು. ಕಚ್ಚಿ ಹಿಡಿಯುವ ಶಕ್ತಿ ಇಲ್ಲದಿದ್ದರೂ ಸಣ್ಣ ಸದ್ದಿಗೂ ಬೊಗಳಿ ಎಚ್ಚರಿಸುತ್ತವೆ. ಚಪ್ಪಟೆ ಮೂತಿಯ ಪಗ್ ಮುಂತಾದವು ತೋಟದ ಮನೆಗೆ ಬೇಡ. ನಾಯಿಗೆ ಮೈ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಉಸಿರಿನ ದಾರಿಯೇ ಇಕ್ಕಟ್ಟಾದ ನಾಯಿಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಪ್ರಾಣಾಪಾಯ.

ಊರ ನಾಯಿ

ಬಹುಮಂದಿ ರೈತರಿಗೆ ಈ ಲೇಖಕನ ಸಲಹೆ ಒಳ್ಳೆಯ ಊರ ನಾಯಿಯ ಮರಿಯೇ. ನಮ್ಮ ಹವೆಗೆ ಒಗ್ಗಿದ್ದು, ಮಿತವಾಗಿ ತಿಂದು, ಅಪರಿಚಿತರನ್ನು ಬೊಗಳಿ ತಡೆಯುವ ಗುಣ ಇದರಲ್ಲಿ ಸಹಜವಾಗಿಯೇ ಇದೆ. ಬೊಗಳುವುದೇ ತೋಟದ ಕಾವಲಿನ ಮುಖ್ಯ ಕೆಲಸ. ಹಂದಿಯ ಮೇಲೆ ಬೀಳುವ ನಾಯಿ ರೈತನಿಗೆ ಬೇಕಾಗಿಲ್ಲ, ಕೋರೆಯಿಂದ ಹೊಟ್ಟೆ ಸೀಳಿಸಿಕೊಂಡು ಬರುವುದಷ್ಟೇ ಅದರ ಫಲ. ದೂರದಿಂದಲೇ ಸದ್ದು ಮಾಡಿ ಮನೆಯವರನ್ನು ಎಬ್ಬಿಸುವ ಎರಡು ನಾಯಿಗಳು ಒಂದು ದುಬಾರಿ ನಾಯಿಗಿಂತ ಮೇಲು. ರೋಗಗಳು ಊರ ನಾಯಿಯನ್ನು ಮುಟ್ಟುವುದಿಲ್ಲ ಎಂಬ ನಂಬಿಕೆ ಮಾತ್ರ ತಪ್ಪು. ಲಸಿಕೆ ಇದಕ್ಕೂ ಅಷ್ಟೇ ಅವಶ್ಯ.

ತರಬೇತಿ

ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಐದು ತಳಿಗಳ ಮೇಲೆ ಹಲವು ವರ್ಷ ಪ್ರಯೋಗ ನಡೆಸಿ 1965ರಲ್ಲಿ ಪ್ರಕಟಿಸಿದ ಗ್ರಂಥದಿಂದ ತಿಳಿದುಬಂದ ಮುಖ್ಯ ಸಂಗತಿಯೆಂದರೆ, ಮರಿಯು ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಯಾರು ಯಾರನ್ನು ಕಂಡು ಒಡನಾಡುತ್ತದೆಯೋ ಅವರನ್ನು ತನ್ನವರೆಂದು ತಿಳಿಯುತ್ತದೆ. ಬೀಜೋಪಚಾರದಂತೆ ಇದಕ್ಕೂ ಕಾಲವಿದೆ. ಆ ಕಾಲ ಮೀರಿದ ಮೇಲೆ ಎಷ್ಟು ಶ್ರಮಪಟ್ಟರೂ ಪೂರ್ಣ ಫಲ ದೊರೆಯುವುದಿಲ್ಲ. ಮರಿಯನ್ನು ಎಂಟು ವಾರಕ್ಕೆ ಮೊದಲು ತಾಯಿಯಿಂದ ಅಗಲಿಸದೆ, ಎಂಟನೆಯ ವಾರದಲ್ಲಿ ಮನೆಗೆ ತಂದು, ಮುಂದಿನ ಒಂದು ತಿಂಗಳಲ್ಲಿ ಮಕ್ಕಳು, ಆಳುಗಳು, ದನ, ಕೋಳಿ, ಟ್ರಾಕ್ಟರ್ ಮತ್ತು ಪಂಪ್‌ಸೆಟ್ಟಿನ ಸದ್ದು ಎಲ್ಲವನ್ನೂ ಹೆದರಿಸದೆ ಪರಿಚಯ ಮಾಡಿಸಬೇಕು.

ಕುರಿ ಕಾಯುವ ನಾಯಿಯ ರಹಸ್ಯವೂ ಇದೇ. ಮರಿಯನ್ನು ಈ ವಯಸ್ಸಿನಲ್ಲಿ ಕುರಿದೊಡ್ಡಿಯಲ್ಲಿಯೇ ಬೆಳೆಸಿದರೆ ಅದು ಕುರಿಗಳನ್ನೇ ತನ್ನ ಬಳಗವೆಂದು ಭಾವಿಸಿ ತೋಳದಿಂದ ಕಾಯುತ್ತದೆ. ಆಫ್ರಿಕದ ನಮೀಬಿಯಾದಲ್ಲಿ ಚಿರತೆಯನ್ನು ಹೋಲುವ ಚೀತಾಗಳಿಂದ ಕುರಿ ಮೇಕೆ ಉಳಿಸಲು 1994ರಿಂದ ರೈತರಿಗೆ ತುರ್ಕಿ ಮೂಲದ ಅನಟೋಲಿಯನ್ ನಾಯಿಗಳನ್ನು ಹೀಗೆಯೇ ಬೆಳೆಸಿ ಕೊಡಲಾಗುತ್ತಿದೆ. ಇದರಿಂದ ರೈತರ ಕುರಿಯೂ ಉಳಿಯುತ್ತದೆ, ಚೀತಾಗಳೂ ಗುಂಡಿಗೆ ಬಲಿಯಾಗುವುದು ತಪ್ಪುತ್ತದೆ. ನಮ್ಮ ಕುರುಬ ಬಂಧುಗಳಿಗೆ ಈ ಪದ್ಧತಿ ಹೊಸದೇನಲ್ಲ.

ಪ್ರತಿ ನಾಯಿಗೂ ಕಲಿಸಲೇಬೇಕಾದವು ಮೂರೇ: ಕರೆದರೆ ಬರುವುದು, ಬಿಡು ಎಂದರೆ ಬಿಡುವುದು, ಕಟ್ಟಿದಲ್ಲಿ ಸುಮ್ಮನಿರುವುದು. ಒಮ್ಮೆಗೆ ಐದು ನಿಮಿಷ ಸಾಕು, ದಿನಕ್ಕೆ ಮೂರು ನಾಲ್ಕು ಬಾರಿ. ಹೇಳಿದಂತೆ ಮಾಡಿದ ಕ್ಷಣದಲ್ಲೇ ಒಂದು ಚೂರು ತಿನಿಸು ಕೊಡಬೇಕು. ಅರ್ಧ ನಿಮಿಷ ತಡವಾದರೂ ಯಾವುದಕ್ಕೆ ಕೊಟ್ಟಿತೆಂದು ನಾಯಿಗೆ ತಿಳಿಯದು. ಶಿಕ್ಷೆಯ ವಿಷಯವೂ ಹಾಗೆಯೇ. ಕೋಳಿ ಕೊಂದು ಒಂದು ಗಂಟೆಯ ನಂತರ ಮನೆಗೆ ಬಂದ ನಾಯಿಯನ್ನು ಹೊಡೆದರೆ, ಮನೆಗೆ ಬಂದದ್ದೇ ತಪ್ಪೆಂದು ಅದು ಕಲಿಯುತ್ತದೆ. ಕರೆದು ಹೊಡೆಯುವುದಂತೂ ಎಂದೂ ಕೂಡದು. ನಾಯಿ ಸಿಟ್ಟಾಗಿರಲಿ ಎಂದು ಹಗಲೆಲ್ಲ ಕತ್ತಲೆ ಕೋಣೆಯಲ್ಲಿ ಕಟ್ಟಿ, ಮೆಣಸಿನಕಾಯಿ ತಿನ್ನಿಸುವ ಪದ್ಧತಿಯಿಂದ ಕಾವಲು ನಾಯಿ ಸಿದ್ಧವಾಗುವುದಿಲ್ಲ, ಆಳು ಮಕ್ಕಳನ್ನು ಕಚ್ಚುವ ನಾಯಿ ಸಿದ್ಧವಾಗುತ್ತದೆ.

ಪೀಡೆನಾಶಕಗಳಿಂದ ಅಪಾಯ

ನಾಯಿಯ ಮೈಮೇಲಿನ ಉಣ್ಣೆಗೆ ಬೆಳೆಗೆ ಸಿಂಪಡಿಸುವ ಔಷಧಿಯನ್ನೇ ನೀರಿಗೆ ಬೆರೆಸಿ ಸವರುವ ರೂಢಿ ಹಳ್ಳಿಗಳಲ್ಲಿದೆ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಮುಂತಾದವು ಚರ್ಮದ ಮೂಲಕ ದೇಹ ಸೇರುತ್ತವೆ, ನೆಕ್ಕಿದಾಗ ಬಾಯಿಯ ಮೂಲಕವೂ ಸೇರುತ್ತವೆ. ಜೊಲ್ಲು ಸುರಿಯುವುದು, ಮೈ ನಡುಕ, ಕಣ್ಣಿನ ಪಾಪೆ ಕಿರಿದಾಗುವುದು, ಉಸಿರಾಟಕ್ಕೆ ತೊಂದರೆ ಇವು ಲಕ್ಷಣಗಳು. ಕೂಡಲೇ ಸೋಪಿನ ನೀರಿನಿಂದ ಮೈ ತೊಳೆದು, ಔಷಧಿಯ ಡಬ್ಬಿ ಸಮೇತ ಪಶುವೈದ್ಯರಲ್ಲಿಗೆ ಒಯ್ಯಬೇಕು. ತೊಳೆಯುವವರು ಕೈಗವಸು ಹಾಕಿಕೊಳ್ಳುವುದು ಅವಶ್ಯ. ಉಣ್ಣೆಗೆ ನಾಯಿಗಾಗಿಯೇ ಇರುವ ಔಷಧಿಯನ್ನು ಮಾತ್ರ ಬಳಸಬೇಕು. ನಾಯಿಯ ಉಣ್ಣೆ ಗೋಡೆಯ ಬಿರುಕುಗಳಲ್ಲಿ ಮೊಟ್ಟೆ ಇಡುವುದರಿಂದ ನಾಯಿ ಮಲಗುವ ಸ್ಥಳದ ಬಿರುಕುಗಳನ್ನು ಮುಚ್ಚಿ ಸುಣ್ಣ ಬಳಿಯಬೇಕು.

ಇಲಿ ಪಾಷಾಣ ಎರಡನೆಯ ಶತ್ರು. ಸತುವಿನ ಫಾಸ್ಫೈಡ್ ಹೊಟ್ಟೆಯ ಆಮ್ಲದೊಂದಿಗೆ ಕೂಡಿ ವಿಷಾನಿಲವಾಗುತ್ತದೆ, ಇದಕ್ಕೆ ಪ್ರತಿವಿಷವಿಲ್ಲ. ಬ್ರೊಮಾಡಿಯೋಲೋನ್ ತಿಂದ ನಾಯಿ ಮೂರು ನಾಲ್ಕು ದಿನ ಚೆನ್ನಾಗಿಯೇ ಇದ್ದು ನಂತರ ಒಳಗೆ ರಕ್ತ ಸುರಿದು ನಿತ್ರಾಣಗೊಳ್ಳುತ್ತದೆ. ತಿಂದದ್ದು ತಿಳಿದ ಕೂಡಲೇ ವೈದ್ಯರಿಗೆ ತೋರಿಸಿದರೆ ಕೆ ಜೀವಸತ್ವದ ಚಿಕಿತ್ಸೆಯಿಂದ ಉಳಿಸಬಹುದು. ಪಾಷಾಣವನ್ನು ಬಿಲದೊಳಗೆ ಇಟ್ಟು ಮಣ್ಣು ಮುಚ್ಚಬೇಕು, ಸತ್ತ ಇಲಿಗಳನ್ನು ಆರಿಸಿ ಹೂಳಬೇಕು. ಆಫ್ರಿಕದ ದೈತ್ಯ ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆಗಳು ನಾಯಿಗೆ ರುಚಿಯಾಗಿರುವುದರಿಂದ ಬಹಳ ಅಪಾಯಕಾರಿ. ತಿಂದರೆ ಸೆಳವು ಬರುತ್ತದೆ. ಗುಳಿಗೆ ಹಾಕಿದ ದಿನಗಳಲ್ಲಿ ನಾಯಿಯನ್ನು ಕಟ್ಟಿಡಬೇಕು.

ದನಕ್ಕೆಂದು ತಂದ ಐವರ್‌ಮೆಕ್ಟಿನ್ ಔಷಧಿಯನ್ನು ಉಳಿದಿದೆಯೆಂದು ನಾಯಿಗೆ ಚುಚ್ಚುವುದೂ ತಪ್ಪು. ಕಾಲೀ ಮುಂತಾದ ಕುರಿ ನಾಯಿಗಳ ವಂಶದಲ್ಲಿ ಔಷಧಿಯನ್ನು ಮೆದುಳಿಗೆ ಹೋಗದಂತೆ ತಡೆಯುವ ಅಂಶವೇ ಕೆಟ್ಟಿರುವುದು 2001ರಲ್ಲಿ ಪತ್ತೆಯಾಯಿತು. ಇಂಥ ನಾಯಿಗಳು ಸ್ವಲ್ಪ ಹೆಚ್ಚಾದರೂ ಪ್ರಜ್ಞೆ ತಪ್ಪಿ ಸಾಯುತ್ತವೆ. ಬೆರಕೆ ನಾಯಿಯಲ್ಲಿ ಯಾವ ರಕ್ತವಿದೆಯೆಂದು ಹೊರಗಿನಿಂದ ಹೇಳಲಾಗದು. ಮನುಷ್ಯರ ನೋವಿನ ಮಾತ್ರೆಗಳನ್ನೂ ಕೊಡಕೂಡದು.

ಲಸಿಕೆ ಮತ್ತು ಜಂತು

ಮರಿಗೆ ಆರರಿಂದ ಎಂಟು ವಾರದಲ್ಲಿ ಪಾರ್ವೊ ಮತ್ತು ಡಿಸ್ಟೆಂಪರ್ ರೋಗಗಳ ಲಸಿಕೆಯನ್ನು ಆರಂಭಿಸಿ, ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಗಳಿಗೊಮ್ಮೆ ಮತ್ತೆ ಹಾಕಿಸಬೇಕು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮೊದಲ ಲಸಿಕೆಯನ್ನು ವ್ಯರ್ಥ ಮಾಡಬಹುದಾದ್ದರಿಂದ ಒಂದೇ ಬಾರಿ ಹಾಕಿಸಿದರೆ ಸಾಲದು. ನಾಯಿಗಳ ಡಿಸ್ಟೆಂಪರ್ ಕಾಡುಪ್ರಾಣಿಗಳಿಗೂ ಹರಡಬಲ್ಲದು, 2018ರಲ್ಲಿ ಗಿರ್ ಅರಣ್ಯದ ಸಿಂಹಗಳಲ್ಲಿ ಈ ರೋಗ ಕಾಣಿಸಿಕೊಂಡು ಸಾವುಗಳಾದವು.

ಕುರಿ ಸಾಕುವವರು ಲಾಡಿಹುಳುವಿನ ಬಗ್ಗೆ ವಿಶೇಷ ಗಮನ ಕೊಡಬೇಕು. ಕುರಿ ತಲೆ ಒಂದೇ ಕಡೆ ವಾಲಿಸಿ ಗಿರಗಿರನೆ ಸುತ್ತುವ ರೋಗವು ನಾಯಿಯ ಲಾಡಿಹುಳುವಿನ ಮರಿ ಹಂತ ಕುರಿಯ ಮೆದುಳಿನಲ್ಲಿ ನೀರುಗುಳ್ಳೆಯಾಗಿ ಬೆಳೆಯುವುದರಿಂದ ಬರುತ್ತದೆ. ಇನ್ನೊಂದು ಬಗೆಯ, ಅರ್ಧ ಸೆಂ.ಮೀ. ಆಸುಪಾಸಿನ ಲಾಡಿಹುಳು ಕುರಿಯಲ್ಲಿ ಮಾತ್ರವಲ್ಲ, ಮನುಷ್ಯನ ಪಿತ್ತಕೋಶ ಶ್ವಾಸಕೋಶಗಳಲ್ಲಿಯೂ ಗುಳ್ಳೆಯಾಗುತ್ತದೆ. ಕುರಿ ಕೊಯ್ದಾಗ ತಲೆ, ಪಿತ್ತಕೋಶ, ಶ್ವಾಸಕೋಶಗಳನ್ನು ಹಸಿಯಾಗಿ ನಾಯಿಗೆ ಎಸೆಯುವುದನ್ನು ನಿಲ್ಲಿಸಿದರೆ ಈ ಎರಡೂ ಹುಳುಗಳ ಸುತ್ತು ಅಲ್ಲಿಗೇ ಕಡಿಯುತ್ತದೆ. ಹಿಂಡಿನ ನಾಯಿಗಳಿಗೆ ಆರು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಔಷಧಿಯನ್ನು ವೈದ್ಯರ ಸಲಹೆಯಂತೆ ಕೊಡಿಸಬೇಕು.

ಹುಚ್ಚುನಾಯಿ ರೋಗ

ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಮೊದಲ ಲಸಿಕೆ, ಒಂದು ತಿಂಗಳ ನಂತರ ಎರಡನೆಯದು, ಆಮೇಲೆ ವರ್ಷಕ್ಕೊಂದು. ಇದನ್ನು ಯಾವ ಕಾರಣಕ್ಕೂ ತಪ್ಪಿಸಕೂಡದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನನ್ನಾಗಲಿ ಪ್ರಾಣಿಯನ್ನಾಗಲಿ ಉಳಿಸುವ ಚಿಕಿತ್ಸೆ ಇಲ್ಲ.

ನಾಯಿ ಕಚ್ಚಿದರೆ ಅಥವಾ ಪರಚಿದರೆ, ಅದು ಮನೆಯ ನಾಯಿಯೇ ಆಗಿದ್ದರೂ, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಪೂರ್ತಿ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಅರಿಸಿನ, ಖಾರದ ಪುಡಿ, ಎಲೆಯ ರಸ ಯಾವುದನ್ನೂ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಹಾಕಿಸಬೇಕು. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನದಿಂದ ಎಣಿಸಿ 3, 7 ಮತ್ತು 28ನೆಯ ದಿನಗಳಲ್ಲಿ ಮತ್ತೆ ಹೋಗಬೇಕು. ಎರಡು ಚುಚ್ಚಿಸಿಕೊಂಡು ನಿಲ್ಲಿಸುವವರಿದ್ದಾರೆ, ಅದು ಪ್ರಾಣದೊಂದಿಗೆ ಆಟ. ಕಚ್ಚಿದ ನಾಯಿಯನ್ನು ಕೊಲ್ಲದೆ ಹತ್ತು ದಿನ ಕಟ್ಟಿ ನೋಡಬೇಕು, ಆದರೆ ಆ ಹತ್ತು ದಿನ ಕಾಯುತ್ತ ಲಸಿಕೆಯನ್ನು ಮುಂದೂಡಬಾರದು.

ಹುಚ್ಚುನಾಯಿ ಕಚ್ಚಿದ ದನಕ್ಕೂ ರೋಗ ಬರುತ್ತದೆ. ಮೇವು ಬಿಟ್ಟು, ಜೊಲ್ಲು ಸುರಿಸುತ್ತ, ಒರಲುವ ಆಕಳಿನ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಭಾವಿಸಿ ರೈತರು ಬರಿಗೈಯನ್ನು ಬಾಯೊಳಗೆ ಹಾಕಿ ತಡಕುವುದುಂಟು. ಹಾಗೆ ಮಾಡಲೇಬಾರದು. ಕೈಯಲ್ಲಿರುವ ಸಣ್ಣ ತರಚಿನ ಮೂಲಕವೂ ಜೊಲ್ಲಿನಲ್ಲಿರುವ ವಿಷಾಣು ಒಳಸೇರಬಲ್ಲದು. ದನವನ್ನು ಬೇರೆ ಕಟ್ಟಿ, ಮಕ್ಕಳನ್ನು ದೂರವಿಟ್ಟು ಪಶುವೈದ್ಯರಿಗೆ ಹೇಳಿಕಳುಹಿಸಬೇಕು. ಈಗಾಗಲೇ ಕೈ ಹಾಕಿದವರು, ಅಂಥ ದನದ ಹಸಿ ಹಾಲು ಕುಡಿದವರು ಲಸಿಕೆಯ ವಿಷಯವಾಗಿ ಅಂದೇ ವೈದ್ಯರನ್ನು ಕಾಣಬೇಕು.